ಕಾಯಿಸಿದ ಹರಳೋ, ಕಾಯಿಸದ ಹರಳೋ: ಉಂಗುರ ಮಾಡಿಸುವ ಮೊದಲು

ನೀಲ, ಮಾಣಿಕ್ಯ, ಪುಷ್ಯರಾಗ ಕೊಳ್ಳಲು ಹೋಗುವವರು ಈಗ ಸ್ವಲ್ಪ ಓದಿಕೊಂಡೇ ಹೋಗುತ್ತಾರೆ. ಕಾರವಾರದ ಅಂಗಡಿಯಲ್ಲಿ ಕೂತರೂ ಸರಿ, ಶಿರಸಿಯ ಅಂಗಡಿಯಲ್ಲಿ ಕೂತರೂ ಸರಿ, ಮೊದಲ ಪ್ರಶ್ನೆ ಒಂದೇ: "ಶೇಟ್ರೇ, ಇದು ಹೀಟೆಡ್ಡಾ, ಅನ್‌ಹೀಟೆಡ್ಡಾ?" ಹೀಟೆಡ್ ಅಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಬೆಂಕಿಗೆ ಹಾಕಿದ್ದು ಅಂದರೆ ಮೋಸ ಅಂತಲೇ ಬಹಳ ಜನರ ಲೆಕ್ಕ.

ನನ್ನ ಲೆಕ್ಕ ಬೇರೆ. ಮಾರುಕಟ್ಟೆಯಲ್ಲಿರುವ ನೀಲ, ಮಾಣಿಕ್ಯಗಳಲ್ಲಿ ಬಹುಪಾಲು ಕಾಯಿಸಿದವೇ. ಕಾಯಿಸಿದ್ದರಲ್ಲೇ ಒಳ್ಳೆಯದೂ ಇದೆ, ದುಡ್ಡು ದಂಡ ಅನ್ನುವಂಥದ್ದೂ ಇದೆ. ನಾನು ಗೆರೆ ಎಳೆಯುವುದು ಇಲ್ಲಿ: ಬೆಂಕಿ ಹರಳಿನ ಒಳಗೆ ಮೊದಲೇ ಇದ್ದದ್ದನ್ನು ಸರಿಮಾಡಿತಾ, ಇಲ್ಲಾ ಹೊರಗಿನದ್ದನ್ನು ಒಳಗೆ ತುಂಬಿತಾ? ಇದನ್ನು ಕೇಳಲು ಬಂದರೆ ಆಯ್ಕೆ ಅರ್ಧ ಮುಗಿದ ಹಾಗೆ. ಅದಕ್ಕೆ ಬಣ್ಣ ಎಲ್ಲಿಂದ ಬರುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು.

ಬೆಂಕಿ ಒಳಗೆ ಮಾಡುವ ಕೆಲಸ

ಮಾಣಿಕ್ಯ, ನೀಲ, ಗುರುವಿಗೆ ಅಂತ ಹಾಕುವ ಹಳದಿ ಪುಷ್ಯರಾಗ ಮೂರೂ ಒಂದೇ ವಸ್ತು. ಹೆಸರು ಕೊರಂಡಮ್, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಪೂರ್ತಿ ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಅಲ್ಯೂಮಿನಿಯಂ ಕೂರಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಲೋಹದ ಪರಮಾಣು ಬಂದು ಕೂತರೆ ಬಣ್ಣ ಹುಟ್ಟುತ್ತದೆ.

ಕ್ರೋಮಿಯಂ ಕೂತರೆ ಮಾಣಿಕ್ಯ. ಅದು ಸುಮಾರು 410 ನ್ಯಾನೊಮೀಟರ್ ಸುತ್ತಲಿನ ನೇರಳೆ ಬೆಳಕನ್ನೂ 550ರ ಸುತ್ತಲಿನ ಹಸಿರು ಬೆಳಕನ್ನೂ ಹೀರಿಕೊಳ್ಳುತ್ತದೆ. ಕೆಂಪು ದಾಟಿ ಬರುತ್ತದೆ. ಸಾಲದ್ದಕ್ಕೆ ಹೀರಿದ ಬೆಳಕಿನಲ್ಲಿ ಒಂದಷ್ಟನ್ನು 694 ನ್ಯಾನೊಮೀಟರ್‌ನ ಕೆಂಪಾಗಿ ವಾಪಸ್ ಕೊಡುತ್ತದೆ. ಥಿಯೊಡೋರ್ ಮೈಮನ್ 1960ರಲ್ಲಿ ಜಗತ್ತಿನ ಮೊದಲ ಲೇಸರ್ ಮಾಡಿದ್ದು ಇದೇ ಗುಣದಿಂದ, ಕೃತಕವಾಗಿ ಬೆಳೆಸಿದ ಮಾಣಿಕ್ಯದ ಕೋಲು ಬಳಸಿ.

ನೀಲದ ಕತೆ ಇನ್ನೂ ಸೊಗಸು. ಅಲ್ಲಿ ಒಂದು ಲೋಹ ಸಾಲದು, ಜೋಡಿ ಬೇಕು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ, ನಾಲ್ಕು ಕಳೆದುಕೊಂಡ ಟೈಟಾನಿಯಂ ಅಕ್ಕಪಕ್ಕ ಕೂತಿರಬೇಕು. ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಕಬ್ಬಿಣದಿಂದ ಟೈಟಾನಿಯಂ ಕಡೆಗೆ ಜಿಗಿಯುತ್ತದೆ. ಆ ಜಿಗಿತಕ್ಕೆ ಹಳದಿ, ಕಿತ್ತಳೆ, ಕೆಂಪು ಬೆಳಕು ಖರ್ಚಾಗುತ್ತದೆ. ಉಳಿಯುವುದು ನೀಲಿ. ಶೇಕಡಾ 0.01ರಷ್ಟು ಅಂಶವಿದ್ದರೂ ಕಣ್ಣಿಗೆ ಗಾಢವಾಗಿ ಕಾಣುತ್ತದೆ. ಆದರೆ ಕಬ್ಬಿಣ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿದ್ದರೆ ಈ ಆಟ ನಡೆಯುವುದಿಲ್ಲ. ಕಬ್ಬಿಣ, ಟೈಟಾನಿಯಂ ಎರಡೂ ಇದ್ದೂ ಹರಳು ಪೇಲವವಾಗಿಯೇ ಇರುತ್ತದೆ.

ಕುಲುಮೆಯ ಕೆಲಸ ಶುರುವಾಗುವುದು ಇಲ್ಲಿಂದ. ಆಮ್ಲಜನಕ ಚೆನ್ನಾಗಿ ಆಡುವ ಹಾಗೆ ಕಾಯಿಸಿದರೆ ಕಬ್ಬಿಣ ಇನ್ನೊಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ನೀಲಿ ತಿಳಿಯಾಗುತ್ತದೆ. ಕಪ್ಪು ಅನ್ನುವಷ್ಟು ದಟ್ಟವಾದ ನೀಲವನ್ನು ತಿಳಿಮಾಡುವ ದಾರಿ ಅದು. ಹೈಡ್ರೋಜನ್ ಇರುವ ಅಥವಾ ಗಾಳಿ ಕಮ್ಮಿ ಇರುವ ಬೆಂಕಿಯಲ್ಲಿ ಕಾಯಿಸಿದರೆ ಉಲ್ಟಾ, ನೀಲಿ ಏರುತ್ತದೆ. ಹರಳು ಅದೇ, ಅದರೊಳಗಿನ ಲೋಹವೂ ಅದೇ. ಕುಲುಮೆಯ ಗಾಳಿ ಬದಲಾದರೆ ಬಣ್ಣ ಬದಲು.

ಶ್ರೀಲಂಕಾದಲ್ಲಿ ಗೆವುಡ ಅಂತ ಕರೆಯುವ ಹಾಲುಹಾಲಾದ ಕಲ್ಲು ಸಿಗುತ್ತದೆ. ಮೊದಲು ಅದಕ್ಕೆ ಬೆಲೆಯೇ ಇರಲಿಲ್ಲ. 1970ರ ದಶಕದಲ್ಲಿ ಥಾಯ್ಲೆಂಡ್‌ನ ವ್ಯಾಪಾರಿಗಳು ಅದನ್ನು ಕೊಂಡು ಕಾಯಿಸತೊಡಗಿದರು. ಒಳ್ಳೆಯ ನೀಲ ಹೊರಬಂತು. ಆ ಹಾಲುಬಣ್ಣಕ್ಕೆ ಕಾರಣ ರೂಟೈಲ್ ಅನ್ನುವ ಟೈಟಾನಿಯಂ ಆಕ್ಸೈಡಿನ ಕೂದಲಿಗಿಂತ ಸಣ್ಣ ಸೂಜಿಗಳು. ವ್ಯಾಪಾರದಲ್ಲಿ ಇವನ್ನು ಸಿಲ್ಕ್ ಅನ್ನುತ್ತಾರೆ. ಸುಮಾರು 1600 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಸೂಜಿಗಳು ಹರಳಿನಲ್ಲೇ ಕರಗುತ್ತವೆ. ಮಸುಕು ಹೋಗುತ್ತದೆ, ಕರಗಿದ ಟೈಟಾನಿಯಂ ಕಬ್ಬಿಣದ ಪಕ್ಕ ಸೇರಿ ನೀಲಿ ಕೊಡುತ್ತದೆ. ಒಂದೇ ಬೆಂಕಿಗೆ ಎರಡು ಲಾಭ.

ಶಿರಸಿ ಕಡೆಯವರಿಗೆ ಇದು ಜೋನಿಬೆಲ್ಲದ ಡಬ್ಬಿಯಲ್ಲೇ ಕಂಡಿರುತ್ತದೆ. ಚಳಿಗೆ ತಳದಲ್ಲಿ ಸಕ್ಕರೆ ಹರಳು ಕಟ್ಟುತ್ತದೆ, ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ನೀಲದಲ್ಲೂ ಹಾಗೇ, ಜಾಸ್ತಿ ಬಿಸಿಯಲ್ಲಿ ಟೈಟಾನಿಯಂ ಕರಗಿರುತ್ತದೆ, ಕಮ್ಮಿ ಬಿಸಿಯಲ್ಲಿ ಬಹಳ ಹೊತ್ತು ಇಟ್ಟರೆ ಸೂಜಿಯಾಗಿ ಬೇರ್ಪಡುತ್ತದೆ. ಆರು ಕಾಲಿನ ನಕ್ಷತ್ರ ಮಿನುಗುವ ಸ್ಟಾರ್ ಹರಳಿಗೆ ಈ ಸೂಜಿಗಳೇ ಬೇಕು. ಅಮೆರಿಕದ ಲಿಂಡೆ ಕಂಪನಿ 1940ರ ದಶಕದಲ್ಲಿ ಕೃತಕ ಸ್ಟಾರ್ ನೀಲ ಮಾಡಿದ್ದು ಹೀಗೆ: ಟೈಟಾನಿಯಂ ಕರಗಿರುವ ಹರಳನ್ನು 1100ರಿಂದ 1500 ಡಿಗ್ರಿ ನಡುವೆ ಹಿಡಿದಿಟ್ಟು ಸೂಜಿ ಬೆಳೆಸಿದರು. ಹಾಗಾಗಿ ಮೈಸೂರು ಸೀಮೆಯ ಸ್ಟಾರ್ ರೂಬಿ ಕೊಳ್ಳುವವರು ಒಂದು ನೆನಪಿಡಿ. ನಕ್ಷತ್ರ ಚೆನ್ನಾಗಿ ಮೂಡಿರುವ ಗಣಿಯ ಹರಳು ಅಂದರೆ ಸಾಮಾನ್ಯವಾಗಿ ಸಿಲ್ಕ್ ಕರಗಿಸುವಷ್ಟು ಬೆಂಕಿಯನ್ನು ಅದು ಕಂಡಿಲ್ಲ.

ಲೇಸರ್ ಮಾಡುವವರ ತಕರಾರು ಇದಕ್ಕೆ ತದ್ವಿರುದ್ಧ. 1982ರಲ್ಲಿ ಪೀಟರ್ ಮೌಲ್ಟನ್ ತೋರಿಸಿಕೊಟ್ಟ ಟೈಟಾನಿಯಂ ಸಫೈರ್ (ಮಾಣಿಕ್ಯ ಬಿಟ್ಟು ಉಳಿದ ಕೊರಂಡಮ್‌ಗೆ ಇಂಗ್ಲಿಷಿನಲ್ಲಿ ಸಫೈರ್ ಅನ್ನುತ್ತಾರೆ) ಲೇಸರ್‌ಗೆ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಟೈಟಾನಿಯಂ ಬೇಕು. ನಾಲ್ಕು ಕಳೆದುಕೊಂಡದ್ದು ಜೊತೆಗೆ ಸೇರಿಕೊಂಡರೆ ಲೇಸರ್ ಬೆಳಕು ಹೊರಬರಬೇಕಾದ 800 ನ್ಯಾನೊಮೀಟರ್ ಸುತ್ತಲೇ ಹರಳು ಅದನ್ನು ನುಂಗುತ್ತದೆ. ಅದಕ್ಕೆ ಬೆಳೆಸಿದ ಹರಳನ್ನು ಹೈಡ್ರೋಜನ್ ಇರುವ ಕುಲುಮೆಯಲ್ಲಿ ಮತ್ತೆ ಕಾಯಿಸುತ್ತಾರೆ. ನೀಲದ ವ್ಯಾಪಾರಿಗೆ ಬೇಕಾದ ಟೈಟಾನಿಯಂ ಲೇಸರ್‌ನವರಿಗೆ ಕಸ!

ಐದು ಬಗೆ, ಐದು ಬೆಲೆ

ಬರೀ ಕಾಯಿಸಿದ್ದು. ಮೇಲೆ ಹೇಳಿದ ಕೆಲಸವಷ್ಟೇ ಆಗಿರುವ ಹರಳು. ಬಣ್ಣ ಖಾಯಂ. ಬಿಸಿಲಿಗೂ ಹೋಗುವುದಿಲ್ಲ, ಸೋಪಿಗೂ ಹೋಗುವುದಿಲ್ಲ, ಕಡಲ ನೀರಿಗೂ ಹೋಗುವುದಿಲ್ಲ. ದಿನಾ ಹಾಕುವ ಉಂಗುರಕ್ಕೆ ನಾನು ಹೇಳುವುದು ಇದನ್ನೇ. ಕೊರಂಡಮ್‌ನ ಗಡಸುತನ 9, ನಮ್ಮ ಕಡಲ ಮರಳಿನಲ್ಲಿರುವ ಕ್ವಾರ್ಟ್ಜ್‌ನದು 7. ದೋಣಿ ಎಳೆಯುವ ಕೈಯಲ್ಲಿದ್ದರೂ ಗೀರು ಬೀಳುವುದಿಲ್ಲ. ಅದೇ ನೋಟದ ಕಾಯಿಸದ ಹರಳಿಗಿಂತ ಬೆಲೆ ಕಮ್ಮಿ, ಮತ್ತೆ ಮಾರುವಾಗ ಕೇಳುವವರೂ ಇದ್ದಾರೆ.

ಮಾಣಿಕ್ಯದಲ್ಲಿ ಒಂದು ಗಂಟಿದೆ. 1990ರ ದಶಕದ ಆರಂಭದಲ್ಲಿ ಬರ್ಮಾದ ಮಾಂಗ್ ಶೂ ಅನ್ನುವಲ್ಲಿಂದ ಬಹಳ ಮಾಣಿಕ್ಯ ಬಂತು. ಒಳಗೆ ನೀಲಿ ತಿರುಳು, ಮೈತುಂಬ ಬಿರುಕು. ಕಾಯಿಸಿದರೆ ನೀಲಿ ಹೋಗುತ್ತದೆ, ಸರಿ. ಆದರೆ ಬಿಳಿಗಾರದಂಥ, ಕರಗಲು ನೆರವಾಗುವ ಫ್ಲಕ್ಸ್ ಸೇರಿಸಿ ಕಾಯಿಸಿದಾಗ ಬಿರುಕಿನ ಅಂಚು ಕರಗಿ ಮತ್ತೆ ಹರಳುಗಟ್ಟಿ ಕೂಡಿಕೊಳ್ಳುತ್ತದೆ, ನಡುನಡುವೆ ಗಾಜಿನಂಥ ಚೂರು ಉಳಿಯುತ್ತದೆ. ಇದು ಒಳಗಿನದ್ದಾ ಹೊರಗಿನದ್ದಾ? ನಾನು ಎಳೆದ ಗೆರೆ ಇಲ್ಲಿ ಮಸುಕು. ಲ್ಯಾಬ್‌ಗಳು ಉಳಿಕೆ ಸ್ವಲ್ಪ, ಮಧ್ಯಮ, ಜಾಸ್ತಿ ಅಂತ ಅಳೆದು ಬರೆಯುತ್ತವೆ. ಸ್ವಲ್ಪ ಅಂತ ಇದ್ದರೆ ಒಪ್ಪಿಕೊಳ್ಳಿ. ಜಾಸ್ತಿ ಅಂತ ಇದ್ದರೆ ಬೇರೆ ಹರಳು ತೋರಿಸಲು ಹೇಳಿ.

ಕಾಯಿಸದ್ದು. ಬಣ್ಣ, ಹೊಳಪು, ಶುದ್ಧಿ ಮೂರೂ ಗಣಿಯಿಂದಲೇ ಬಂದ ಹರಳು ಅಪರೂಪ. ಅಪರೂಪಕ್ಕೆ ಬೆಲೆ. ಎರಡು ಥರದವರು ಇದನ್ನು ಕೊಳ್ಳಲಿ. ಒಂದು, ದೊಡ್ಡ ಹರಳನ್ನು ಆಸ್ತಿ ಅಂತ ಇಟ್ಟುಕೊಳ್ಳುವವರು. ಇನ್ನೊಂದು, ಭಟ್ರು ಬೆಂಕಿ ಕಾಣದ ಹರಳೇ ಆಗಬೇಕು ಅಂದಿದ್ದಾರೆ, ಅದಕ್ಕೆ ತಪ್ಪಬಾರದು ಅನ್ನುವವರು. ಅದು ಅವರ ನಂಬಿಕೆ, ನಾನು ವಾದಕ್ಕೆ ಇಳಿಯುವುದಿಲ್ಲ. ಆದರೆ ಎರಡೂ ಕಡೆಯವರಿಗೆ ಒಳ್ಳೆಯ ಲ್ಯಾಬಿನ ಕಾಗದ ಬೇಕೇ ಬೇಕು. ಬಾಯಿಮಾತಿನ ಅನ್‌ಹೀಟೆಡ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಅಂಗಡಿಯವರು ಸುಳ್ಳು ಹೇಳುತ್ತಾರೆ ಅಂತಲ್ಲ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. 1000 ಡಿಗ್ರಿಯೊಳಗೆ ಮೆಲ್ಲಗೆ ಕಾಯಿಸಿದರೆ ಸಿಲ್ಕ್ ಹಾಗೇ ಇರುತ್ತದೆ, ಮಾಣಿಕ್ಯದ ನೇರಳೆ ಛಾಯೆ ಮಾತ್ರ ಇಳಿದಿರುತ್ತದೆ. ಮೊಜಾಂಬಿಕ್‌ನ ಮೊಂಟೆಪ್ಯೂಜ್‌ನಲ್ಲಿ 2009ರಲ್ಲಿ ಮಾಣಿಕ್ಯ ಸಿಕ್ಕ ಮೇಲೆ ಈ ಸಣ್ಣ ಉರಿಯ ಕೆಲಸ ಬಹಳ ನಡೆಯುತ್ತಿದೆ. ಇದನ್ನು ಹಿಡಿಯಲು ಲ್ಯಾಬ್‌ಗೂ ತ್ರಾಸೇ. ಇನ್ನು ಅರ್ಧ ಕ್ಯಾರೆಟ್‌ನ ಸಣ್ಣ ಹರಳಿಗೆ ಅನ್‌ಹೀಟೆಡ್ ಹುಡುಕುವುದು ಸುಮ್ನೆ ಖರ್ಚು, ಲ್ಯಾಬ್ ಫೀಸೇ ಭಾರವಾಗುತ್ತದೆ.

ಹೊರಗಿಂದ ಬಣ್ಣ ಹೊಗಿಸಿದ್ದು. ಇಲ್ಲಿ ಎಚ್ಚರ ಬೇಕು, ಅದರಲ್ಲೂ ಪುಷ್ಯರಾಗ ಕೊಳ್ಳುವವರಿಗೆ. 2002ರ ಸುಮಾರಿಗೆ ಥಾಯ್ಲೆಂಡ್‌ನಿಂದ ಕಿತ್ತಳೆ, ಹಳದಿ ಸಫೈರ್‌ಗಳು ರಾಶಿರಾಶಿ ಬಂದವು. ಲ್ಯಾಬ್‌ಗಳು ತಲೆ ಕೆಡಿಸಿಕೊಂಡು ನೋಡಿದ ಮೇಲೆ ಗುಟ್ಟು ಹೊರಬಿತ್ತು. ಮೂಸೆಯಲ್ಲಿ ಬೆರಿಲಿಯಂ ಇರುವ ಖನಿಜ ಹಾಕಿ 1800 ಡಿಗ್ರಿ ಹತ್ತಿರ ಕಾಯಿಸುತ್ತಿದ್ದರು. ಬೆರಿಲಿಯಂ ಬಹಳ ಸಣ್ಣ ಪರಮಾಣು, ಹರಳಿನ ಒಳಗೆಲ್ಲ ನುಸುಳಿ ಅಲ್ಯೂಮಿನಿಯಂ ಜಾಗ ಹಿಡಿಯುತ್ತದೆ. ಅಲ್ಯೂಮಿನಿಯಂ ಬಿಡುವುದು ಮೂರು ಎಲೆಕ್ಟ್ರಾನ್, ಬೆರಿಲಿಯಂ ಬಿಡುವುದು ಎರಡೇ. ಒಂದು ಎಲೆಕ್ಟ್ರಾನ್ ಕೊರತೆ ಬಿತ್ತು ಅಲ್ವಾ? ಆ ಕೊರತೆ ಪಕ್ಕದ ಆಕ್ಸಿಜನ್ ಹತ್ತಿರ ಸಿಕ್ಕಿಬಿದ್ದು ನೀಲಿ ಬೆಳಕನ್ನು ಹೀರುತ್ತದೆ, ಹರಳು ಹಳದಿಯಾಗುತ್ತದೆ. ಪ್ರಕೃತಿಯಲ್ಲಿ ಮೆಗ್ನೀಸಿಯಂ ಇದೇ ಕೆಲಸವನ್ನು ಮಾಡುತ್ತದೆ. ಬೆರಿಲಿಯಂ ಬಣ್ಣ ಮಾಸುವುದಿಲ್ಲ, ಕಣ್ಣಿಗೂ ಚೆನ್ನ. ತೊಂದರೆ ಬೆಲೆಯದ್ದು: ಇದು ಅಗ್ಗದ ಮಾಲು, ಬರೀ ಕಾಯಿಸಿದ್ದರ ದರಕ್ಕೆ ಕೊಡುತ್ತಾರೆ. ಭೂತಗನ್ನಡಿಯಲ್ಲಿ ಗೊತ್ತಾಗುವುದು ಕಷ್ಟ. ಚಿನ್ನದ ಶುದ್ಧಿ ನೋಡುವ ಎಕ್ಸ್‌ರೇ ಯಂತ್ರ ಇದೆಯಲ್ಲ, ಬೆರಿಲಿಯಂ ಅಷ್ಟು ಹಗುರವಾದ್ದರಿಂದ ಅದಕ್ಕೆ ಕಾಣುವುದೇ ಇಲ್ಲ. ಲೇಸರ್‌ನಿಂದ ಚೂರೇ ಚೂರು ಆವಿ ಮಾಡಿ ಅಳೆಯುವ ದೊಡ್ಡ ಲ್ಯಾಬ್ ಬೇಕು.

ಟೈಟಾನಿಯಂ ಹೊಗಿಸಿದ ನೀಲವೂ ಇದೆ. ಅದರ ಬಣ್ಣ ತೆಳುಪದರದಷ್ಟೇ. ಪಾಲಿಶ್ ಕೆಡಿಸಿ ಮತ್ತೆ ಕತ್ತರಿಸಿದರೆ ಒಳಗೆ ಬಿಳಿ. ಬೇಡ.

ಗಾಜು ತುಂಬಿದ ಮಾಣಿಕ್ಯ. ಸುಮಾರು 2004ರಿಂದ ಮಾರುಕಟ್ಟೆಯಲ್ಲಿದೆ. ಬಿರುಕೇ ಬಿರುಕಾದ ಕಳಪೆ ಕೊರಂಡಮ್ ತಗೊಂಡು ಸೀಸದ ಗಾಜನ್ನು ಕರಗಿಸಿ ತುಂಬುತ್ತಾರೆ. ಸೀಸದ ಗಾಜು ಬೆಳಕನ್ನು ಬಗ್ಗಿಸುವ ಪರಿ ಕೊರಂಡಮ್‌ಗೆ ಹತ್ತಿರ, ಹಾಗಾಗಿ ಬಿರುಕು ಮಾಯ. ದೊಡ್ಡ, ಕೆಂಪನೆಯ, ಅಗ್ಗದ ಮಾಣಿಕ್ಯ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಹರಳನ್ನು ಓಲಾಡಿಸಿ. ಬಿರುಕಿನ ಉದ್ದಕ್ಕೂ ನೀಲಿ ಮಿಂಚು ಸರಿದು ಹೋದರೆ, ಒಳಗೆ ಗುಂಡನೆಯ ಗಾಳಿಗುಳ್ಳೆ ಕಂಡರೆ ಅದೇ. ನಿಂಬೆರಸಕ್ಕೂ ಈ ಗಾಜು ಕಾಲಕ್ರಮದಲ್ಲಿ ತಿಂದುಹೋಗುತ್ತದೆ. ಉಪ್ಪಿನಕಾಯಿ ಹಾಕುವ ಮನೆಯ ಹೆಂಗಸರ ಕೈಗೆ ಇದನ್ನು ತೊಡಿಸುವವರಿಗೆ ಏನೆನ್ನಬೇಕೋ ತಿಳಿಯದು. ಎಷ್ಟು ಅಗ್ಗವಾದರೂ ನಾನು ಬೇಡ ಅನ್ನುವ ಮಾಲು ಇದು.

ಲ್ಯಾಬಿನಲ್ಲಿ ಬೆಳೆಸಿದ್ದು. ಕೆಂಪು ಬೇಕು, ದುಡ್ಡು ಕಮ್ಮಿ ಅಂದರೆ ಇದು ಗಾಜು ತುಂಬಿದ್ದಕ್ಕಿಂತ ಎಷ್ಟೋ ಮೇಲು. ಅದೇ ಅಲ್ಯೂಮಿನಿಯಂ ಆಕ್ಸೈಡ್, ಅದೇ ಕ್ರೋಮಿಯಂ, ಅದೇ ಗಡಸು. ಫ್ರಾನ್ಸಿನ ಆಗಸ್ಟ್ ವೆರ್ನೂಯಿ 1902ರಲ್ಲೇ ಈ ವಿಧಾನ ಪ್ರಕಟಿಸಿದ. ಪುಡಿಯನ್ನು ಉರಿಯ ಮೂಲಕ ಉದುರಿಸಿ ಹನಿಹನಿಯಾಗಿ ಹರಳು ಕಟ್ಟಿಸುವುದು. ಒಳಗಿನ ಬೆಳವಣಿಗೆ ಗೆರೆಗಳು ಬಾಗಿರುತ್ತವೆ. ಗಣಿಯ ಹರಳಿನಲ್ಲಿ ಅವು ನೇರ. ಅಜ್ಜಿಯ ಕಾಲದ ಬೆಂಡೋಲೆಯಲ್ಲಿರುವ ಕೆಂಪು ಗಣಿಯದ್ದೇ ಆಗಿರಬೇಕು ಅಂತೇನೂ ಇಲ್ಲ. ನೂರು ವರ್ಷದ ಹಿಂದೆಯೇ ಕೃತಕ ಮಾಣಿಕ್ಯ ಧಾರಾಳವಾಗಿ ಸಿಗುತ್ತಿತ್ತು.

ಗೋಕರ್ಣದ ನೇರಳೆ, ಹಳದಿ ಕಲ್ಲುಗಳು

ಗೋಕರ್ಣದಲ್ಲಿ ಪ್ರವಾಸಿಗರಿಗೆ ಅಮೆಥಿಸ್ಟ್, ಸಿಟ್ರಿನ್, ಸ್ಫಟಿಕ ಮಾರುವವರಿದ್ದಾರೆ. ಇವೆಲ್ಲ ಕ್ವಾರ್ಟ್ಜ್, ಅಂದರೆ ಸಿಲಿಕಾನ್ ಆಕ್ಸೈಡ್. ಬಣ್ಣದ ಲೆಕ್ಕ ಇಲ್ಲಿ ಬೇರೆ, ಬೆಂಕಿಯ ಲೆಕ್ಕವೂ ಬೇರೆ.

ಕೈಗಾ ಅಣುಸ್ಥಾವರದಲ್ಲಿ ಕೆಲಸ ಮಾಡುವವರು ಪರಿಚಯವಿದ್ದರೆ, ಮೈಗೆ ತಾಗಿದ ವಿಕಿರಣ ಅಳೆಯುವ ಅವರ ಟಿಎಲ್‌ಡಿ ಬ್ಯಾಡ್ಜ್ ನೋಡಿರುತ್ತೀರಿ. ನಮ್ಮ ದೇಶದ ಬ್ಯಾಡ್ಜ್‌ನಲ್ಲಿ ಇರುವುದು ಡಿಸ್ಪ್ರೋಸಿಯಂ ಸೇರಿಸಿದ ಕ್ಯಾಲ್ಸಿಯಂ ಸಲ್ಫೇಟ್‌ನ ಬಿಲ್ಲೆಗಳು. ವಿಕಿರಣ ತಾಗಿದಾಗ ಎಲೆಕ್ಟ್ರಾನ್‌ಗಳು ಜಾಗ ಬಿಟ್ಟು ಹರಳಿನ ದೋಷಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಬಿಸಿ ಮಾಡಿದರೆ ಅವು ಬಿಡಿಸಿಕೊಂಡು ಬೆಳಕು ಕೊಡುತ್ತವೆ. ಎಷ್ಟು ಬೆಳಕು ಬಂತು ಅನ್ನುವುದರ ಮೇಲೆ ಎಷ್ಟು ವಿಕಿರಣ ತಾಗಿತ್ತು ಅಂತ ಲೆಕ್ಕ. ಬಿಸಿಗೆ ಖಾಲಿಯಾದ ಬಿಲ್ಲೆಯನ್ನು ಮತ್ತೆ ಬಳಸುತ್ತಾರೆ.

ಅಮೆಥಿಸ್ಟ್‌ನ ನೇರಳೆಯೂ ಇಂಥ ಸಿಕ್ಕಿಬಿದ್ದ ಸ್ಥಿತಿಯೇ. ಸಿಲಿಕಾನ್ ಜಾಗದಲ್ಲಿ ಕೂತ ಕಬ್ಬಿಣಕ್ಕೆ, ಬಂಡೆಯೊಳಗಿನ ವಿಕಿರಣ ಲಕ್ಷಾಂತರ ವರ್ಷ ತಾಗಿ ಆದದ್ದು. ಹಾಗಾಗಿ ಇದನ್ನು ಕೆಡಿಸಲು 1600 ಡಿಗ್ರಿ ಬೇಡ, 400ರಿಂದ 500 ಸಾಕು. ನೇರಳೆ ಹೋಗಿ ಹಳದಿ ಬರುತ್ತದೆ. ಮಾರುಕಟ್ಟೆಯ ಸಿಟ್ರಿನ್‌ನಲ್ಲಿ ಬಹುಪಾಲು ಹೀಗೆ ಕಾಯಿಸಿದ ಅಮೆಥಿಸ್ಟೇ. ಗೊಂಚಲಿನ ತುದಿ ಸುಟ್ಟ ಕಿತ್ತಳೆ, ಬುಡ ಸುಣ್ಣದ ಬಿಳಿ ಇದ್ದರೆ ಅನುಮಾನವೇ ಬೇಡ. ಕೊಳ್ಳಬಾರದು ಅಂತಲ್ಲ, ಚಂದ ಕಂಡರೆ ಕೊಳ್ಳಿ. ನೈಸರ್ಗಿಕ ಸಿಟ್ರಿನ್ ಅಂತ ಜಾಸ್ತಿ ಹೇಳಿದರೆ ಮಾತ್ರ ನಕ್ಕು ಮುಂದೆ ಹೋಗಿ. ಇದನ್ನೇ ಸುನೇಲಾ ಅಂತ ಪುಷ್ಯರಾಗದ ಬದಲಿಗೆ ಕೊಡುವುದೂ ಉಂಟು. ಗಡಸು 7 ಮಾತ್ರ, ಮರಳಿನಷ್ಟೇ. ಕಡಲತೀರದಲ್ಲಿ ಕೆಲಸ ಮಾಡುವ ಕೈಯಲ್ಲಿ ಹೊಳಪು ಬೇಗ ಹೋಗುತ್ತದೆ. ಅಮೆಥಿಸ್ಟ್ ಆದರೆ ವರ್ಷಗಟ್ಟಲೆ ಬಿಸಿಲಿಗೂ ಬಣ್ಣ ಇಳಿಯಬಹುದು, ಕಿಟಕಿಯಲ್ಲಿ ಇಡಬೇಡಿ.

ಇದೇ ಕಾರಣಕ್ಕೆ, ವಿಕಿರಣ ಹಾಯಿಸಿ ಹಳದಿ ಮಾಡಿದ ಸಫೈರ್ ಬಿಸಿಲಿಗೆ ಪೇಲವವಾಗುತ್ತದೆ. ಕಬ್ಬಿಣದಿಂದ ಬಂದ ಹಳದಿಗೆ, ಕಾಯಿಸಿ ಬಂದ ಹಳದಿಗೆ ಆ ಭಯವಿಲ್ಲ.

ಕಾಗದ, ಬಿಲ್ಲು, ಬೆಳಕು

ಉಂಗುರದ ಮೇಲಿನ ಹಾಲ್‌ಮಾರ್ಕ್, ಆರು ಅಕ್ಷರ-ಅಂಕಿಗಳ ಗುರುತಾದ ಎಚ್‌ಯುಐಡಿ ಚಿನ್ನದ ಬಗ್ಗೆ ಮಾತ್ರ ಹೇಳುತ್ತವೆ. ಹರಳಿನ ಬಗ್ಗೆ ಅವು ಏನೂ ಹೇಳುವುದಿಲ್ಲ. ಹರಳಿಗೆ ಬೇರೆ ಲ್ಯಾಬ್ ಕಾಗದ ಬೇಕು. ಮುಂಬೈ, ಜೈಪುರಗಳಲ್ಲಿ ಒಳ್ಳೆಯ ಲ್ಯಾಬ್‌ಗಳಿವೆ, ಅಂಗಡಿಯ ಮೂಲಕವೇ ಕಳಿಸಬಹುದು. ಕಾಗದದಲ್ಲಿ ಮೊದಲು ನೋಡಬೇಕಾದ ಸಾಲು ಟ್ರೀಟ್‌ಮೆಂಟ್ ಅನ್ನುವುದು. ನ್ಯಾಚುರಲ್ ಸಫೈರ್ ಅಂತ ದಪ್ಪಕ್ಷರದಲ್ಲಿ ಬರೆದಿದ್ದರೆ ಅದಕ್ಕೆ ಹಿಗ್ಗಬೇಡಿ. ಬೆರಿಲಿಯಂ ಹೊಗಿಸಿದ ಹರಳೂ ಹುಟ್ಟಿನಿಂದ ನ್ಯಾಚುರಲ್ಲೇ. ಕಾಯಿಸಿದ ಗುರುತಿಲ್ಲ, ಕಾಯಿಸಿದ ಗುರುತಿದೆ, ಡಿಫ್ಯೂಷನ್ (ಹೊರಗಿಂದ ಹೊಗಿಸಿದ್ದು), ಫಿಲ್ಲಿಂಗ್ (ಗಾಜು ತುಂಬಿದ್ದು), ಈ ನಾಲ್ಕರಲ್ಲಿ ಯಾವುದು ಅಂತ ಕೇಳಿ. ಟ್ರೀಟ್‌ಮೆಂಟ್ ಸಾಲೇ ಇಲ್ಲದ ಪ್ಲಾಸ್ಟಿಕ್ ಕಾರ್ಡು ಇದ್ದೂ ಇಲ್ಲದ ಹಾಗೆ.

ಹಳದಿ ಹರಳಿಗೆ ಬೆರಿಲಿಯಂ ಪರೀಕ್ಷೆ ಆಗಿದೆಯಾ ಅಂತ ಬೇರೆಯಾಗಿ ಕೇಳಬೇಕು. ತೂಕವನ್ನು ಕ್ಯಾರೆಟ್‌ನಲ್ಲಿ ಬರೆಸಿ, ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ. ರತ್ತಿ ಎಲ್ಲ ಕಡೆ ಒಂದೇ ತೂಕ ಅಲ್ಲ. ಬಿಲ್ಲಿನಲ್ಲಿ ಹರಳಿನ ಹೆಸರಿನ ಜೊತೆ "ಹೀಟೆಡ್, ಬೇರೆ ಟ್ರೀಟ್‌ಮೆಂಟ್ ಇಲ್ಲ" ಅಂತ ಬರೆದುಕೊಡಲು ಹೇಳಿ. ಬರೆಯಲು ಹಿಂದೆಮುಂದೆ ನೋಡುವವರ ಹತ್ತಿರ ದೊಡ್ಡ ಹರಳು ಬೇಡ.

ಕಣ್ಣಿಗೆ ಸಿಗುವ ಗುರುತುಗಳೂ ಕೆಲವಿವೆ. ಸಿಲ್ಕ್ ಸೂಜಿಗಳು ಮುರಿದು ಚುಕ್ಕೆ ಸಾಲಾಗಿದ್ದರೆ, ಒಳಗಿನ ಸಣ್ಣ ಖನಿಜದ ಸುತ್ತ ತಟ್ಟೆಯಂತೆ ಬಿರುಕು ಹರಡಿದ್ದರೆ ಅದು ದೊಡ್ಡ ಬೆಂಕಿ ಕಂಡಿದೆ. ಇವು ಕಾಣದಿದ್ದರೆ ಕಾಯಿಸಿಲ್ಲ ಅಂತ ಮಾತ್ರ ತೀರ್ಮಾನಿಸಬೇಡಿ. ಬಣ್ಣವನ್ನು ಅಂಗಡಿಯ ದೀಪದಲ್ಲಿ ನೋಡಿ ಒಪ್ಪಬೇಡಿ. ಹಳದಿ ದೀಪ ಮಾಣಿಕ್ಯವನ್ನು ಮೆರೆಸುತ್ತದೆ, ನೀಲವನ್ನು ಕಪ್ಪಾಗಿಸುತ್ತದೆ. ಮಳೆಗಾಲದ ಮೋಡದ ಬೆಳಕಾದರೂ ಪರವಾಗಿಲ್ಲ, ಬಾಗಿಲ ಹೊರಗೆ ತಂದು ನೋಡಿ.

ಉಂಗುರ ಸಡಿಲಾದಾಗ, ಬಿಗಿಯಾದಾಗ

ಕೊಳ್ಳುವಾಗ ಇಷ್ಟೆಲ್ಲ ನೋಡಿದವರೂ ರಿಪೇರಿಯಲ್ಲಿ ಮರೆಯುತ್ತಾರೆ. ಉಂಗುರದ ಅಳತೆ ಬದಲಿಸುವಾಗ ಬೆಸುಗೆ ಹಾಕಬೇಕು. ಅದಕ್ಕೆ ಉರಿ ಬೇಕು, ಬಿಳಿಗಾರ ಬೇಕು, ಆಮೇಲೆ ಆಸಿಡ್ ನೀರು. ಗಾಜು ತುಂಬಿದ ಮಾಣಿಕ್ಯ ಈ ಮೂರರಲ್ಲಿ ಯಾವುದಕ್ಕೂ ನಿಲ್ಲುವುದಿಲ್ಲ, ಗಾಜು ಹರಿದು ಬಿರುಕೆಲ್ಲ ಹೊರಬರುತ್ತದೆ. ಅಮೆಥಿಸ್ಟ್ ಬಣ್ಣ ಕಳೆದುಕೊಳ್ಳಬಹುದು, ಒಮ್ಮೆಲೇ ಬಿಸಿಯಾದರೆ ಸೀಳಲೂಬಹುದು. ಒಳ್ಳೆಯ ನೀಲಕ್ಕೆ ಉರಿಯ ಭಯ ಕಮ್ಮಿ, ಆದರೆ ಬಿಸಿ ಬಿಳಿಗಾರ ತಾಗಿದರೆ ಕೊರಂಡಮ್‌ನ ಮೈ ಕೂಡ ತಿಂದುಹೋಗಿ ಪಾಲಿಶ್ ಕೆಡುತ್ತದೆ.

"ಶೇಟ್ರೇ, ಕಲ್ಲು ಬಿಚ್ಚಿಟ್ಟು ಬೆಸುಗೆ ಹಾಕ್ತೀರಲ್ವಾ?" ಅಂತ ಕೇಳಿ. "ಹೌದು ತಂಗಿ, ಬಿಚ್ಚದೆ ಮಾಡುದಿಲ್ಲ" ಅಂದರೆ ಸರಿ. ಹರಳು ಯಾವ ಬಗೆಯದು ಅಂತ ನೀವೂ ಅವರಿಗೆ ಹೇಳಿ, ಲ್ಯಾಬ್ ಕಾಗದದ ಜೆರಾಕ್ಸ್ ಜೊತೆಗೆ ಕೊಡಿ. ಬಿಚ್ಚಿದ ಹರಳನ್ನು ಅಲ್ಲೇ ತೂಕ ಮಾಡಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ವಾಪಸ್ ಕೂರಿಸುವ ಮೊದಲೂ ಒಮ್ಮೆ ತೂಕ ನೋಡಿ.